ಫ್ಯಾನ್ ಗ್ರೂಪ್‌ಗಳ ಫುಟ್‌ಬಾಲ್ ಲೀಗ್: ರೂಲ್ಸ್ ಬರೀಬೇಕು, ಎಲ್ಲಿಂದ ಶುರು ಮಾಡೋದು?

ಆಸ್ಟಿನ್‌ಟೌನ್ ಕೀಪರ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎಂಟು ಫ್ಯಾನ್ ಗ್ರೂಪ್‌ಗಳು ಸೇರಿ ಒಂದು ಸೆವೆನ್ಸ್ (ಏಳು ಜನರ ಟೀಮ್) ಲೀಗ್ ನಡೆಸೋಣ ಅಂತ ಹೊರಟಿದ್ದೇವೆ. ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಆರ್ಸೆನಲ್, ಚೆಲ್ಸಿ, ಮ್ಯಾಂಚೆಸ್ಟರ್ ಸಿಟಿ, ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್, ಜೊತೆಗೆ ನಮ್ಮೂರ ಬೆಂಗಳೂರು ಎಫ್‌ಸಿ (ಬಿಎಫ್‌ಸಿ). ಎಲ್ಲವೂ ವಾಟ್ಸಾಪ್, ಟೆಲಿಗ್ರಾಂನಲ್ಲಿ ಹುಟ್ಟಿದ ಗ್ರೂಪ್‌ಗಳು. ಯಾವುದಕ್ಕೂ ಆಫೀಸಿಲ್ಲ, ರಿಜಿಸ್ಟ್ರೇಷನ್ ಇಲ್ಲ. ರಾತ್ರಿ ಮ್ಯಾಚ್ ಸ್ಕ್ರೀನಿಂಗ್ ಇಟ್ಟು ನೋಡೋಕೆ ಸೇರುತ್ತೇವೆ, ಬೆಳಗಿನವರೆಗೂ ಗ್ರೂಪಲ್ಲಿ ವಾದ ಮಾಡುತ್ತೇವೆ, ಭಾನುವಾರ ಟರ್ಫ್ ಬುಕ್ ಮಾಡಿ ಆಡುತ್ತೇವೆ. ಇಷ್ಟು ದಿನ ಬರೀ ಫ್ರೆಂಡ್ಲಿ ಆಡುತ್ತಿದ್ದೆವು, ಮಧ್ಯೆ ಒಂದು ನಾಕೌಟ್ ಕಪ್ ಆಯಿತು.

ಆ ಕಪ್‌ನ ಫೈನಲ್‌ನಲ್ಲೇ ತಲೆನೋವು ಶುರುವಾಗಿದ್ದು. ಒಂದು ಟೀಮ್ ಇಬ್ಬರು ಹೊಸ ಹುಡುಗರನ್ನು ಕರೆತಂದಿತು. ಇಬ್ಬರೂ ಕ್ಲಬ್‌ಗಳ ಪರ ಅಧಿಕೃತ ಡಿವಿಷನ್ ಲೀಗ್ ಆಡುವವರು. ಅವರನ್ನು ಆ ಗ್ರೂಪಿನ ಸ್ಕ್ರೀನಿಂಗ್‌ನಲ್ಲಿ ಯಾರೂ ನೋಡಿರಲಿಲ್ಲ. ಕೇಳಿದರೆ "ಗ್ರೂಪಲ್ಲಿ ಇದ್ದಾರೆ, ಬೇಕಾದರೆ ತೋರಿಸುತ್ತೇವೆ" ಅಂದರು. ನೋಡಿದರೆ ಇದ್ದರು ಕೂಡ, ಹಿಂದಿನ ದಿನ ಆಡ್ ಮಾಡಿದ್ದರು. ಮ್ಯಾಚ್ ನಡೀತು, ಅವರೇ ಗೆದ್ದರು, ಆದರೆ ಎರಡೂ ಕಡೆ ಇನ್ನೂ ಸರಿಯಾಗಿ ಮಾತಿಲ್ಲ. ಸೋತವರಿಗಿಂತ ನನಗೆ ಬೇಜಾರಾಗಿದ್ದು ಆ ಗೆದ್ದ ಟೀಮಿನ ಹುಡುಗರನ್ನು ನೋಡಿ. ಆರು ತಿಂಗಳಿಂದ ಪ್ರಾಕ್ಟೀಸಿಗೆ ಬರುತ್ತಿದ್ದವರು ಫೈನಲ್ ದಿನ ಬೆಂಚಲ್ಲಿ ಕೂತಿದ್ದರು.

ಈಗ ಲೀಗ್ ಅಂದರೆ ಎಂಟು ಟೀಮ್, ಎಲ್ಲರೂ ಎಲ್ಲರ ಜೊತೆ ಒಂದು ಸಲ ಆಡಿದರೆ 28 ಮ್ಯಾಚ್. ಭಾನುವಾರಕ್ಕೆ ನಾಲ್ಕು ಅಂದರೂ ಏಳು ಭಾನುವಾರ ಬೇಕು. ಅಷ್ಟು ದಿನ ಬಾಯಿಮಾತಲ್ಲಿ ನಡೆಸೋಕಾಗಲ್ಲ ಅಲ್ವಾ? ಫ್ಯಾನ್ ಗ್ರೂಪಿನ ಮೆಂಬರ್ ಅಂದರೆ ಯಾರು ಅಂತ ಹೇಗೆ ತೀರ್ಮಾನಿಸೋದು? ಪಾಯಿಂಟ್ಸ್ ಸಮ ಆದರೆ ಏನು ಮಾಡೋದು? ಜಗಳ ಆದರೆ ತೀರ್ಪು ಕೊಡೋದು ಯಾರು? ಇಂಥದ್ದು ನಡೆಸಿದವರು, ಆಡಿದವರು ದಯವಿಟ್ಟು ಹೇಳಿ. ಉದ್ದ ಆದರೂ ಪರವಾಗಿಲ್ಲ, ಓದುತ್ತೇವೆ.

ಲೆಫ್ಟ್‌ಬ್ಯಾಕ್ ಪುತ್ತೂರು

ಬ್ರೋ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ರೂಲ್‌ಬುಕ್ ಮುಗೀತು. ಯಾರು ಆಡಬಹುದು ಅನ್ನೋದನ್ನು ಗಟ್ಟಿಯಾಗಿ ಬರೆಯದೆ ಮಿಕ್ಕಿದ್ದು ಎಷ್ಟು ಬರೆದರೂ ನಿಲ್ಲಲ್ಲ.

ನಮ್ಮ ಕಡೆ ಕ್ರಿಕೆಟ್, ಕಬಡ್ಡಿ ಟೂರ್ನಮೆಂಟ್ ಪೋಸ್ಟರ್‌ಗಳಲ್ಲಿ ನೀವು ನೋಡಿರಬಹುದು, ಗ್ರಾಮ ಮಟ್ಟ, ತಾಲೂಕು ಮಟ್ಟ ಅಂತ ಹಾಕಿ ಕೆಳಗೆ ಆಧಾರ್ ಕಾರ್ಡ್ ಕಡ್ಡಾಯ ಅಂತ ಬರೆದಿರುತ್ತಾರೆ. ಊರಿನ ಹುಡುಗನಾ ಅಲ್ವಾ ಅಂತ ಕಾರ್ಡ್ ನೋಡಿದರೆ ಗೊತ್ತಾಗುತ್ತೆ. ಕೊಡಗಿನ ಕೌಟುಂಬಿಕ ಹಾಕಿ ಇನ್ನೂ ಒಳ್ಳೆ ಉದಾಹರಣೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಅಲ್ಲಿ ಟೀಮ್ ಅಂದರೆ ಮನೆತನ. ಇಂಡಿಯಾ ಜೆರ್ಸಿ ಹಾಕಿದವರೂ ತಮ್ಮ ಮನೆತನದ ಪರ ಇಳಿದಿದ್ದಾರೆ. ಯಾರೂ ಅವರನ್ನು ನೋಡಿ "ಇವನು ದೊಡ್ಡ ಆಟಗಾರ, ಹೊರಗೆ ಕಳಿಸಿ" ಅನ್ನಲ್ಲ, ಯಾಕಂದರೆ ಅವನು ಆ ಮನೆಯವನೇ. ಅಂದರೆ ಎಷ್ಟು ಚೆನ್ನಾಗಿ ಆಡುತ್ತಾನೆ ಅನ್ನೋದು ಅಲ್ಲಿ ವಿಷಯವೇ ಅಲ್ಲ. ನಿಮ್ಮ ಫೈನಲ್‌ನಲ್ಲೂ ಆ ಇಬ್ಬರು ಡಿವಿಷನ್ ಆಟಗಾರರು ಅನ್ನೋದು ತೊಂದರೆ ಆಗಿರಲಿಲ್ಲ. ಅವರು ನಿನ್ನೆ ಬಂದವರು, ಅದು ತೊಂದರೆ.

ಫ್ಯಾನ್ ಗ್ರೂಪಿಗೆ ಮನೆತನವೂ ಇಲ್ಲ, ಪಿನ್‌ಕೋಡೂ ಇಲ್ಲ. ಹಾಗಾಗಿ ನಿಮ್ಮ ಹತ್ತಿರ ಇರೋದು ದಿನಾಂಕ ಒಂದೇ. ಒಂದು ಕಟ್‌ಆಫ್ ತಾರೀಕು ಇಡಿ. ಅದು ಲೀಗ್ ಅನೌನ್ಸ್ ಮಾಡೋ ದಿನಕ್ಕಿಂತ ಹಿಂದಿನದಾಗಿರಬೇಕು, ಇದು ಮುಖ್ಯ. ಮುಂದಿನ ತಾರೀಕು ಕೊಟ್ಟರೆ ಆ ಗ್ಯಾಪ್‌ನಲ್ಲಿ ಎಲ್ಲರೂ ಆಟಗಾರರನ್ನು ಹುಡುಕೋಕೆ ಹೊರಡುತ್ತಾರೆ. ಆ ತಾರೀಕಿಗೆ ಮೊದಲೇ ಗ್ರೂಪಲ್ಲಿ ಇದ್ದವರು ಮಾತ್ರ ಲಿಸ್ಟಿಗೆ ಬರಬಹುದು. ಗ್ರೂಪಿನಲ್ಲಿ ನಂಬರ್ ಇದೆ ಅನ್ನೋದಷ್ಟೇ ಸಾಲದು, ಒಂದಾದರೂ ಸ್ಕ್ರೀನಿಂಗ್‌ಗೆ ಅಥವಾ ಹಳೆ ಫ್ರೆಂಡ್ಲಿಗೆ ಬಂದಿರಬೇಕು ಅಂತ ಸೇರಿಸಿ. ಫೋಟೋಗಳು ಎಲ್ಲರ ಹತ್ತಿರ ಇದ್ದೇ ಇರುತ್ತವೆ.

ಪ್ರತಿ ಟೀಮ್ 14 ಜನರ ಲಿಸ್ಟ್ ಕೊಡಲಿ, ಫೋಟೋ ಸಮೇತ. ಎಂಟೂ ಲಿಸ್ಟ್‌ಗಳನ್ನು ಕ್ಯಾಪ್ಟನ್‌ಗಳ ಗ್ರೂಪಲ್ಲಿ ಹಾಕಿ ಒಂದು ವಾರ ಬಿಡಿ. ಯಾರಿಗೆ ಅನುಮಾನ ಇದೆಯೋ ಆ ವಾರದಲ್ಲೇ ಕೇಳಬೇಕು. ವಾರ ಮುಗಿದ ಮೇಲೆ ಆ 14 ಹೆಸರು ಫಿಕ್ಸ್. ಸೋತ ಮೇಲೆ ಬಂದು "ಅವನು ಯಾರು" ಅಂತ ಕೇಳೋ ಹಾಗಿಲ್ಲ. ನನ್ನ ಪ್ರಕಾರ ಈ ರೂಲಿನ ನಿಜವಾದ ಲಾಭ ಇದೇ, ಅನುಮಾನ ಎಲ್ಲ ಆಟಕ್ಕೆ ಮೊದಲೇ ಮುಗಿದುಬಿಡುತ್ತೆ.

ಬೆಂಗಳೂರಲ್ಲಿ ಇನ್ನೊಂದು ವಿಷಯ ಇದೆ. ಒಬ್ಬನೇ ಬಿಎಫ್‌ಸಿ ಗ್ರೂಪಲ್ಲೂ ಇರುತ್ತಾನೆ, ಆರ್ಸೆನಲ್ ಗ್ರೂಪಲ್ಲೂ ಇರುತ್ತಾನೆ. ಅದು ತಪ್ಪಲ್ಲ, ನಾನೂ ಹಾಗೇ. ಆದರೆ ಲೀಗಿಗೆ ಒಂದೇ ಟೀಮ್ ಆರಿಸಿಕೊಳ್ಳಬೇಕು, ಮಧ್ಯದಲ್ಲಿ ಬದಲಾಯಿಸೋ ಹಾಗಿಲ್ಲ. ಡಿವಿಷನ್ ಆಡುವವರನ್ನು ಪೂರ್ತಿ ಬ್ಯಾನ್ ಮಾಡಬೇಡಿ. ಅವರಲ್ಲೂ ನಿಜವಾದ ಫ್ಯಾನ್‌ಗಳು ಇದ್ದಾರೆ. ಲಿಸ್ಟಲ್ಲಿ ಇಬ್ಬರು, ಒಂದು ಹೊತ್ತಿಗೆ ಮೈದಾನದಲ್ಲಿ ಒಬ್ಬ, ಅಷ್ಟು ಸಾಕು. ಆದರೆ ಅವರು ತಮ್ಮ ಕ್ಲಬ್ಬಿನವರನ್ನು ಮೊದಲು ಕೇಳಿಕೊಂಡು ಬರಬೇಕು, ಟರ್ಫಲ್ಲಿ ಮಂಡಿ ಹೋದರೆ ಅವರ ಸೀಸನ್ನೇ ಹೋಗುತ್ತೆ.

ವಿಸಿಲ್ ಹಿಡಿದವನು

ನಾನು ರೆಫ್ರಿ. ಭಾನುವಾರದ ಇಂಥ ಲೀಗ್‌ಗಳಿಗೆ ಕರೆದರೆ ಹೋಗುತ್ತೇನೆ. ಮೈದಾನದ ಒಳಗಿನ ವಿಷಯ ಹೇಳುತ್ತೇನೆ.

"ಫೀಫಾ ರೂಲ್ಸ್ ಪ್ರಕಾರ" ಅಂತ ಒಂದು ಸಾಲು ಬರೆದು ಬಿಟ್ಟುಬಿಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆಟದ ನಿಯಮಗಳನ್ನು ಬರೆಯೋದು ಐಎಫ್‌ಎಬಿ ಅನ್ನೋ ಬೇರೆ ಸಂಸ್ಥೆ, ಅದೂ 11 ಜನರ ಆಟಕ್ಕೆ. ಅದರಲ್ಲಿ ಏಳಕ್ಕಿಂತ ಕಡಿಮೆ ಜನ ಇದ್ದರೆ ಮ್ಯಾಚ್ ನಡೆಸೋ ಹಾಗಿಲ್ಲ. ನೀವು ಆಡೋದೇ ಏಳು ಜನ! ಒಬ್ಬ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಮ್ಯಾಚೇ ಇಲ್ಲ ಅಂತಾಗುತ್ತೆ. ಆದ್ದರಿಂದ ನಿಮ್ಮದೇ ನಂಬರ್ ಬರೆಯಿರಿ. ಐದು ಜನ ಇದ್ದರೆ ಶುರು, ನಾಲ್ಕಕ್ಕೆ ಇಳಿದರೆ ಮುಗೀತು. ಆಫ್‌ಸೈಡ್ ಬೇಡ, ಟರ್ಫ್ ಸೈಜಿಗೆ ಅದು ಸರಿಹೋಗಲ್ಲ, ಲೈನ್ ನೋಡೋಕೆ ಅಸಿಸ್ಟೆಂಟ್‌ಗಳೂ ಇರಲ್ಲ.

20 ನಿಮಿಷದ ಎರಡು ಹಾಫ್, ಮಧ್ಯೆ 5 ನಿಮಿಷ. ಟರ್ಫನ್ನು ಗಂಟೆ ಲೆಕ್ಕದಲ್ಲಿ ಬುಕ್ ಮಾಡಿರುತ್ತೀರಿ, ಒಂದು ಮ್ಯಾಚ್ ತಡ ಆದರೆ ಅದರ ನಂತರದ ಮೂರೂ ತಡ. ಹತ್ತು ನಿಮಿಷ ಕಾಯೋಣ, ಆದರೆ ಆ ಹತ್ತು ನಿಮಿಷ ಆಟದಿಂದ ಕಟ್. ಅದಾದ ಮೇಲೂ ಐದು ಜನ ಇಲ್ಲದಿದ್ದರೆ 3-0 ವಾಕ್‌ಓವರ್. ಇದರಲ್ಲಿ ದಾಕ್ಷಿಣ್ಯ ಬೇಡ. ಸಿಲ್ಕ್ ಬೋರ್ಡ್ ಟ್ರಾಫಿಕ್ ಅಂತ ಒಬ್ಬರಿಗೆ ಬಿಟ್ಟರೆ ಮುಂದಿನ ವಾರ ಹೆಬ್ಬಾಳದವರೂ ಕೇಳುತ್ತಾರೆ.

ಸಬ್‌ಸ್ಟಿಟ್ಯೂಷನ್‌ಗೆ ಲಿಮಿಟ್ ಬೇಡ. ಹೋದವನು ವಾಪಸ್ ಬರಬಹುದು. ಗ್ರಾಸ್‌ರೂಟ್ (ಹವ್ಯಾಸಿ) ಮಟ್ಟದಲ್ಲಿ ಇದಕ್ಕೆ ಐಎಫ್‌ಎಬಿ ನಿಯಮದಲ್ಲೇ ಅವಕಾಶ ಇದೆ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತವರು ಒಂದೇ ಸಮ 40 ನಿಮಿಷ ಓಡಿದರೆ ಏನಾಗುತ್ತೆ ಅಂತ ನಾನು ನೋಡಿದ್ದೇನೆ. ಸಿನ್ ಬಿನ್ ಕೂಡ ಹಾಕಿ. ರೆಫ್ರಿ ಜೊತೆ ವಾದ ಮಾಡಿದವನು 5 ನಿಮಿಷ ಹೊರಗೆ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ 2019–20ರ ಸೀಸನ್‌ನಿಂದ ಗ್ರಾಸ್‌ರೂಟ್ ಲೀಗ್‌ಗಳಲ್ಲಿ ಇದನ್ನು ತಂದಿತು. ಫ್ಯಾನ್ ಗ್ರೂಪ್ ಮ್ಯಾಚ್‌ಗಳಿಗೆ ಇದು ಹೇಳಿ ಮಾಡಿಸಿದ ರೂಲ್, ಯಾಕಂದರೆ ಇಲ್ಲಿ ಎಲ್ಲರೂ ವಾರವಿಡೀ ರೆಫ್ರಿಗಳ ಬಗ್ಗೆ ವಾದ ಮಾಡಿಯೇ ಮೈದಾನಕ್ಕೆ ಬರುತ್ತಾರೆ, ಹಳದಿ ಕಾರ್ಡಿಗೆ ಹೆದರಲ್ಲ, ಟೀಮ್ ಆರು ಜನಕ್ಕೆ ಇಳಿದರೆ ತಕ್ಷಣ ಸುಮ್ಮನಾಗುತ್ತಾರೆ. ಯೂರೋ 2024ರಲ್ಲಿ ಮಾಡಿದ ಹಾಗೆ ರೆಫ್ರಿ ಹತ್ತಿರ ಕ್ಯಾಪ್ಟನ್ ಮಾತ್ರ ಬಂದು ಕೇಳಬಹುದು ಅಂತಲೂ ಬರೆಯಿರಿ.

ಸ್ಲೈಡಿಂಗ್ ಟ್ಯಾಕಲ್ ಬೇಡವೇ ಬೇಡ. ಟರ್ಫಲ್ಲಿ ಚರ್ಮ ಕಿತ್ತುಬರುತ್ತೆ, ಎದುರಿನವನ ಕಾಲೂ ಹೋಗುತ್ತೆ. ಶಿನ್ ಗಾರ್ಡ್ ಕಡ್ಡಾಯ, ಅದು ನಿಯಮದಲ್ಲೇ ಇದೆ. ಇಲ್ಲದವನನ್ನು ನಾನು ಒಳಗೆ ಬಿಡಲ್ಲ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಮೆಟಲ್ ಸ್ಟಡ್ ಬೇಡ. ನೇರ ರೆಡ್ ಕಾರ್ಡಿಗೆ ಮುಂದಿನ ಮ್ಯಾಚ್ ಇಲ್ಲ. ಕೈ ಎತ್ತಿದರೆ ಸೀಸನ್ನೇ ಇಲ್ಲ.

ತಲೆಗೆ ಪೆಟ್ಟು ಬಿದ್ದವನು ಆ ದಿನ ಮತ್ತೆ ಆಡೋ ಹಾಗಿಲ್ಲ. "ನಾನು ಚೆನ್ನಾಗಿದ್ದೀನಿ" ಅಂದರೂ ಇಲ್ಲ. ಇದನ್ನು ಬೋಲ್ಡ್ ಅಕ್ಷರದಲ್ಲಿ ಹಾಕಿ.

ರೆಫ್ರಿ ಫೀಸನ್ನು ಲೀಗ್ ಖಾತೆಯಿಂದ ಕೊಡಿ, ಆಡುವ ಟೀಮ್‌ಗಳ ಕೈಯಿಂದ ಬೇಡ. ಒಂದು ಟೀಮಿನವರು ಮ್ಯಾಚ್ ಆದಮೇಲೆ ನನ್ನ ಕೈಗೆ ದುಡ್ಡು ಕೊಡೋದನ್ನು ಇನ್ನೊಂದು ಟೀಮಿನವರು ನೋಡಿದರೆ ಏನು ಅಂದುಕೊಳ್ಳುತ್ತಾರೆ ಅಂತ ಯೋಚಿಸಿ.

ಟೇಬಲ್ ಲೆಕ್ಕ

ಪಾಯಿಂಟ್ಸ್ ಸಮ ಆದಾಗಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ನಿಮ್ಮ ಎಂಟು ಗ್ರೂಪ್‌ಗಳಲ್ಲಿ ಇದೇ ದೊಡ್ಡ ವಾದ ಆಗುತ್ತೆ, ಯಾಕಂದರೆ ಇಂಗ್ಲಿಷ್ ಕ್ಲಬ್‌ಗಳ ಫ್ಯಾನ್‌ಗಳಿಗೆ ಗೋಲ್ ಡಿಫರೆನ್ಸ್ (ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟವನ್ನು ಕಳೆದ ಲೆಕ್ಕ) ಅಭ್ಯಾಸ, ಬಾರ್ಸಾ-ಮ್ಯಾಡ್ರಿಡ್ ಫ್ಯಾನ್‌ಗಳಿಗೆ ಹೆಡ್ ಟು ಹೆಡ್. ಪ್ರೀಮಿಯರ್ ಲೀಗ್‌ನಲ್ಲಿ 2012ರಲ್ಲಿ ಸಿಟಿ, ಯುನೈಟೆಡ್ ಎರಡೂ 89 ಪಾಯಿಂಟ್ಸ್. ಸಿಟಿಯ ಗೋಲ್ ಡಿಫರೆನ್ಸ್ 64, ಯುನೈಟೆಡ್‌ನದು 56, ಟ್ರೋಫಿ ಸಿಟಿಗೆ. ಸ್ಪೇನ್‌ನಲ್ಲಿ ಸಮ ಆದ ಟೀಮ್‌ಗಳು ಪರಸ್ಪರ ಆಡಿದ ಮ್ಯಾಚ್‌ಗಳನ್ನೇ ಮೊದಲು ನೋಡುತ್ತಾರೆ. ಸುಮ್ಮನೆ ಹೇಳೋದಾದರೆ ಆ ಸಲ ಯುನೈಟೆಡ್ ಎದುರಿನ ಎರಡೂ ಮ್ಯಾಚನ್ನು ಸಿಟಿಯೇ ಗೆದ್ದಿತ್ತು, ಹಾಗಾಗಿ ಸ್ಪೇನ್ ಲೆಕ್ಕದಲ್ಲೂ ಟ್ರೋಫಿ ಅವರದ್ದೇ.

ಟರ್ಫ್ ಲೀಗಿಗೆ ಗೋಲ್ ಡಿಫರೆನ್ಸ್ ಮೊದಲು ಇಡಬೇಡಿ. ಕಾರಣ ಇದೆ. ಒಂದು ಭಾನುವಾರ ಯಾವುದೋ ಟೀಮಿಗೆ ಐದೇ ಜನ ಬರುತ್ತಾರೆ, 12-1 ಸೋಲುತ್ತಾರೆ. ಅವತ್ತು ಅವರ ಎದುರು ಆಡಿದವರಿಗೆ ಅದೃಷ್ಟ, ಇಡೀ ಟೇಬಲ್ ಆ ಒಂದು ಬೆಳಗ್ಗೆಯಿಂದ ತೀರ್ಮಾನ ಆಗುತ್ತೆ. ಮೊದಲು ಹೆಡ್ ಟು ಹೆಡ್ ನೋಡಿ. ಆಮೇಲೆ ಗೋಲ್ ಡಿಫರೆನ್ಸ್, ಆದರೆ ಒಂದು ಮ್ಯಾಚಿಗೆ ಐದಕ್ಕಿಂತ ಜಾಸ್ತಿ ಲೆಕ್ಕಕ್ಕಿಲ್ಲ ಅಂತ ಮಿತಿ ಹಾಕಿ. ಹಾಗೆ ಮಾಡಿದರೆ ಕುಸಿದ ಟೀಮಿನ ಮೇಲೆ ಸುಮ್ಮನೆ ಗೋಲು ಸುರಿಯೋದೂ ನಿಲ್ಲುತ್ತೆ. ಅದಾದ ಮೇಲೆ ಹೊಡೆದ ಗೋಲುಗಳು, ಆಮೇಲೆ ಕಾರ್ಡ್‌ಗಳು. ಕಾರ್ಡ್ ಲೆಕ್ಕ ತಮಾಷೆಯಲ್ಲ. 2018ರ ವರ್ಲ್ಡ್ ಕಪ್‌ನಲ್ಲಿ ಜಪಾನ್, ಸೆನೆಗಲ್ ಪಾಯಿಂಟ್ಸ್ ಸಮ, ಗೋಲುಗಳು ಸಮ, ಪರಸ್ಪರ ಆಡಿದ ಮ್ಯಾಚೂ 2-2. ಜಪಾನಿಗೆ ನಾಲ್ಕು ಹಳದಿ ಕಾರ್ಡ್, ಸೆನೆಗಲ್‌ಗೆ ಆರು. ಜಪಾನ್ ಮುಂದೆ ಹೋಯಿತು. ನಿಮ್ಮ ಲೀಗಲ್ಲೂ ಈ ಸಾಲು ಇದ್ದರೆ ಹುಡುಗರು ಕಾರ್ಡ್ ಬಗ್ಗೆ ಸ್ವಲ್ಪ ಯೋಚಿಸುತ್ತಾರೆ.

ಇನ್ನು ಒಂದು ಟೀಮ್ ಅರ್ಧದಲ್ಲಿ ಬಿಟ್ಟುಹೋದರೆ? ಬರೆದಿಡಿ, ಇದು ಆಗೇ ಆಗುತ್ತೆ. ನಾಲ್ಕು ಮ್ಯಾಚ್ ಆಡುವ ಮೊದಲೇ ಹೋದರೆ ಅವರ ಎಲ್ಲ ರಿಸಲ್ಟ್ ಅಳಿಸಿ. ನಾಲ್ಕು ಅಥವಾ ಜಾಸ್ತಿ ಆಡಿದ್ದರೆ ಉಳಿದವಕ್ಕೆ ಎದುರಿನವರಿಗೆ 3-0 ಕೊಡಿ.

ಶೆಡ್ಯೂಲ್ ಮಾಡೋದು ಸುಲಭ. ಒಂದು ಟೀಮನ್ನು ಒಂದೇ ಜಾಗದಲ್ಲಿ ಇಟ್ಟು ಉಳಿದ ಏಳನ್ನು ವಾರಕ್ಕೆ ಒಂದು ಮನೆ ಸುತ್ತಿಸಿದರೆ ಏಳು ಭಾನುವಾರ ತಾನಾಗೇ ಬರುತ್ತೆ. ಕಷ್ಟ ಇರೋದು ಯೂರೋಪಿನ ಟೈಮ್‌ಟೇಬಲ್ ಜೊತೆ. ಚಳಿಗಾಲದಲ್ಲಿ ಇಂಗ್ಲೆಂಡಿನ ಮಧ್ಯಾಹ್ನ 3ರ ಮ್ಯಾಚ್ ನಮಗೆ ರಾತ್ರಿ 8:30, ಸ್ಪೇನ್‌ನ ಕೊನೆ ಮ್ಯಾಚ್ ನಡುರಾತ್ರಿ ದಾಟಿಸುತ್ತೆ. ಮ್ಯಾಡ್ರಿಡ್ ಫ್ಯಾನ್‌ಗಳಿಗೆ ಭಾನುವಾರ ಬೆಳಗ್ಗೆ 6:30ರ ಸ್ಲಾಟ್ ಕೊಟ್ಟರೆ ಐದು ಜನ ಬಂದರೆ ದೊಡ್ಡದು. ಹಿಂದಿನ ರಾತ್ರಿ ಯಾರ ಮ್ಯಾಚ್ ತಡ ಇದೆಯೋ ಅವರಿಗೆ ಕೊನೆ ಸ್ಲಾಟ್ ಅಂತ ರೂಲ್ ಮಾಡಿ. ಕೊನೆಯ ಸುತ್ತನ್ನು ಆಟಗಾರರು ದೇಶದ ಪರ ಆಡೋಕೆ ಹೋಗುವ ಇಂಟರ್‌ನ್ಯಾಷನಲ್ ಬ್ರೇಕ್ ವೀಕೆಂಡಿಗೆ ಇಡಿ, ನವೆಂಬರ್ ಅಥವಾ ಮಾರ್ಚ್. ಅವತ್ತು ದೊಡ್ಡ ಲೀಗ್‌ಗಳ ಮ್ಯಾಚ್ ಇರಲ್ಲ, ಎಲ್ಲರೂ ಬರುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆ ಸ್ಲಾಟ್ ಬೇಡ, ಬೆಂಗಳೂರಿನ ಮಳೆ ನಿಮಗೇ ಗೊತ್ತು.

ನಾರ್ತ್ ಸ್ಟ್ಯಾಂಡ್ ಹುಡುಗಿ

ಎಲ್ಲ ಚೆನ್ನಾಗಿದೆ. ಆದರೆ ಇದು ಫ್ಯಾನ್ ಗ್ರೂಪ್‌ಗಳ ಲೀಗ್ ಅನ್ನೋದನ್ನು ಎಲ್ಲರೂ ಮರೆತ ಹಾಗಿದೆ. ಆಡುವವರು ಏಳು ಜನ, ಹೊರಗೆ ನಿಂತು ಕೂಗುವವರು ಮೂವತ್ತು ಜನ. ಅವರಿಗೂ ರೂಲ್ ಬೇಕು.

ನಾನು ಇಂಥ ಮ್ಯಾಚ್‌ಗಳಿಗೆ ಹೋಗುತ್ತೇನೆ. ಕೆಲವು ಸಲ ಕಿವಿ ಮುಚ್ಚಿಕೊಳ್ಳಬೇಕು ಅನಿಸುತ್ತೆ. ಯುನೈಟೆಡ್ ಎದುರು ಮ್ಯೂನಿಕ್ ಬಗ್ಗೆ, ಲಿವರ್‌ಪೂಲ್ ಎದುರು ಹಿಲ್ಸ್‌ಬರೋ ಬಗ್ಗೆ ಕೂಗುತ್ತಾರೆ. 1958ರಲ್ಲಿ ಮ್ಯೂನಿಕ್‌ನಲ್ಲಿ ಯುನೈಟೆಡ್ ಟೀಮ್ ಇದ್ದ ವಿಮಾನ ದುರಂತದಲ್ಲಿ 23 ಜನ ಸತ್ತರು. 1989ರಲ್ಲಿ ಹಿಲ್ಸ್‌ಬರೋ ಸ್ಟೇಡಿಯಂನ ನೂಕುನುಗ್ಗಲಿನಿಂದ ಸತ್ತವರು 97, ಮ್ಯಾಚ್ ನೋಡೋಕೆ ಹೋದ ನಮ್ಮಂಥ ಫ್ಯಾನ್‌ಗಳು, ಅದರಲ್ಲಿ ಮಕ್ಕಳೂ ಇದ್ದರು. ಕೂಗುವ ಹುಡುಗರಲ್ಲಿ ತುಂಬಾ ಜನಕ್ಕೆ ಅದು ಏನು ಅಂತಲೇ ಗೊತ್ತಿಲ್ಲ, ಯೂಟ್ಯೂಬಲ್ಲಿ ಕೇಳಿದ್ದನ್ನು ಇಲ್ಲಿ ಕೂಗುತ್ತಾರೆ. ಇಂಗ್ಲೆಂಡಿನಲ್ಲೇ ಈಗ ಇದಕ್ಕೆ ಸ್ಟೇಡಿಯಂ ಬ್ಯಾನ್ ಇದೆ. ನಿಮ್ಮ ಲೀಗಲ್ಲಿ ಮೊದಲ ಸಲಕ್ಕೆ ಮ್ಯಾಚ್ ನಿಲ್ಲಿಸಿ ಕ್ಯಾಪ್ಟನ್‌ಗೆ ಎಚ್ಚರಿಕೆ, ಎರಡನೇ ಸಲಕ್ಕೆ ಒಂದು ಪಾಯಿಂಟ್ ಕಟ್. ಕೂಗಿದವನನ್ನು ಹುಡುಕುತ್ತಾ ಕೂರಬೇಡಿ, ಟೀಮಿನ ಪಾಯಿಂಟ್ ಹೋದರೆ ಅವರೇ ಸುಮ್ಮನಾಗಿಸುತ್ತಾರೆ. ಜಾತಿ, ಭಾಷೆ, ಬಣ್ಣ, ಊರು, ಮನೆಯ ಹೆಣ್ಣುಮಕ್ಕಳು, ಇವುಗಳ ಮೇಲಿನ ಬೈಗುಳಕ್ಕೆ ಎಚ್ಚರಿಕೆಯೂ ಬೇಡ, ನೇರ ಪಾಯಿಂಟ್ ಕಟ್. ಮ್ಯಾಚ್ ಮುಗಿದ ಮೇಲೆ ಗ್ರೂಪಲ್ಲಿ, ಇನ್‌ಸ್ಟಾದಲ್ಲಿ ಹಾಕೋದಕ್ಕೂ ಇದೇ ರೂಲ್ ಇರಲಿ. ನಮ್ಮ ಜಗಳಗಳು ಹುಟ್ಟೋದೇ ಅಲ್ಲಿ.

ಇನ್ನೊಂದು. ಟೀಮಿಗೆ ಒಬ್ಬಳು ಹುಡುಗಿ ಕಡ್ಡಾಯ ಅಂತ ಕೆಲವು ಕಡೆ ಹಾಕುತ್ತಾರೆ. ಅವಳನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ 40 ನಿಮಿಷ ಬಾಲೇ ಕೊಡಲ್ಲ. ಅದರ ಬದಲು ಎಂಟೂ ಗ್ರೂಪಿನ ಹುಡುಗಿಯರನ್ನು ಸೇರಿಸಿ ನಾಲ್ಕು ಫೈವ್ಸ್ (ಐದು ಜನರ) ಟೀಮ್ ಮಾಡಿ, ಅದೇ ಭಾನುವಾರ, ಅದೇ ಟರ್ಫ್, ಮಧ್ಯದ ಸ್ಲಾಟಲ್ಲಿ. ಟರ್ಫ್ ಬುಕ್ ಮಾಡುವ ಮೊದಲು ಅಲ್ಲಿ ನಮಗೆ ಬಟ್ಟೆ ಬದಲಾಯಿಸೋಕೆ ಜಾಗ, ಬಾಗಿಲು ಹಾಕಬಹುದಾದ ಟಾಯ್ಲೆಟ್ ಇದೆಯಾ ನೋಡಿ. ಇದು ಸಣ್ಣ ವಿಷಯ ಅಲ್ಲ. ಎಷ್ಟೋ ಜನ ಹುಡುಗಿಯರು ಬರದೇ ಇರೋದು ಇದೊಂದೇ ಕಾರಣಕ್ಕೆ.

ಆಸ್ಟಿನ್‌ಟೌನ್ ಕೀಪರ್

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಕೂಗೋದರ ಬಗ್ಗೆ ನಾವು ಯಾರೂ ಯೋಚಿಸಿರಲಿಲ್ಲ, ಅದು ಖಂಡಿತ ಒಳಗೆ ಬರುತ್ತೆ. ಕಟ್‌ಆಫ್ ತಾರೀಕು ಹಿಂದಿನದಾಗಿರಬೇಕು ಅನ್ನೋದನ್ನೂ ಕ್ಯಾಪ್ಟನ್‌ಗಳ ಮುಂದೆ ಇಟ್ಟೆ, ಏಳು ಜನ ಒಪ್ಪಿದರು. ಒಬ್ಬರು ಮಾತ್ರ ನಮ್ಮದು ಹೊಸ ಗ್ರೂಪ್, ಅಷ್ಟು ಹಳೆ ಮೆಂಬರ್‌ಗಳು ಇಲ್ಲ ಅಂತಿದ್ದಾರೆ. ಅವರು ಹೇಳೋದೂ ನಿಜ. ಏನು ಮಾಡೋದು? ತೀರ್ಪು ಯಾರು ಕೊಡಬೇಕು, ದುಡ್ಡು ಹೇಗೆ ಇಡಬೇಕು ಅನ್ನೋದೂ ಉಳಿದಿದೆ.

ಖಜಾಂಚಿ ರಾಜಾಜಿನಗರ

ಹೊಸ ಗ್ರೂಪಿಗೆ ಮೂರು ಜನರ ವಿನಾಯಿತಿ ಕೊಡಿ, ಆದರೆ ಆ ಮೂವರು ಡಿವಿಷನ್ ಆಡಿರಬಾರದು. ಮುಗೀತು.

ತೀರ್ಪಿಗೆ ಮೂರು ಜನರ ಕಮಿಟಿ ಸಾಕು, ಜೊತೆಗೆ ಇಬ್ಬರು ಬದಲಿಗೆ. ಯಾರ ಮ್ಯಾಚ್ ಬಗ್ಗೆ ದೂರು ಬಂದಿದೆಯೋ ಆ ಎರಡು ಗ್ರೂಪಿನವರು ಅವತ್ತು ಕಮಿಟಿಯಲ್ಲಿ ಕೂರಬಾರದು. ದೂರು ಬರಹದಲ್ಲಿ, ಮ್ಯಾಚ್ ಮುಗಿದ 24 ಗಂಟೆ ಒಳಗೆ, ಕ್ಯಾಪ್ಟನ್ ಕಡೆಯಿಂದ ಮಾತ್ರ. ತೀರ್ಪು 48 ಗಂಟೆ ಒಳಗೆ, ಎರಡು ಸಾಲು ಕಾರಣ ಸಮೇತ. ರೆಫ್ರಿ ಕೊಟ್ಟ ಗೋಲು, ಪೆನಾಲ್ಟಿ ಬಗ್ಗೆ ದೂರೇ ಇಲ್ಲ, ವಿಡಿಯೋ ತಂದರೂ ಇಲ್ಲ. ಯಾರು ಆಡಿದರು, ಹೊತ್ತಿಗೆ ಬಂದರಾ, ಹೇಗೆ ನಡೆದುಕೊಂಡರು, ಇಷ್ಟರ ಬಗ್ಗೆ ಮಾತ್ರ.

ದುಡ್ಡಿನ ವಿಷಯ. ಟರ್ಫ್, ರೆಫ್ರಿ, ಬಾಲ್, ಫಸ್ಟ್ ಏಡ್, ಟ್ರೋಫಿ ಸೇರಿಸಿ ಎಂಟರಿಂದ ಭಾಗಿಸಿ, ಮೊದಲ ಮ್ಯಾಚಿಗೆ ಮುಂಚೆ ಪೂರ್ತಿ ವಸೂಲಿ ಮಾಡಿ. ವಾರವಾರ ಕೇಳಿದರೆ ಸೋಲುತ್ತಿರುವ ಟೀಮ್ ಐದನೇ ವಾರ ಕೊಡಲ್ಲ. ಜೊತೆಗೆ ವಾಪಸ್ ಕೊಡುವಂಥ ಡೆಪಾಸಿಟ್ ತಗೊಳ್ಳಿ. ಬರದೇ ವಾಕ್‌ಓವರ್ ಕೊಟ್ಟವರ ಡೆಪಾಸಿಟ್‌ನಿಂದ ಅವತ್ತಿನ ಟರ್ಫ್ ದುಡ್ಡು ಕಾದು ನಿಂತ ಟೀಮಿಗೆ ಹೋಗಲಿ. ಖರ್ಚಿನ ಶೀಟ್ ಎಲ್ಲ ಕ್ಯಾಪ್ಟನ್‌ಗಳಿಗೂ ಕಾಣೋ ಹಾಗೆ ಇಡಿ, ಒಂದೊಂದು ಬಿಲ್ಲಿನ ಫೋಟೋ ಸಮೇತ. ನಗದು ಬಹುಮಾನ ಇಡಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬಾಡಿಗೆ ಆಟಗಾರರು ಬರೋದೇ ದುಡ್ಡು ಇರೋ ಕಡೆಗೆ.

ಪ್ರತಿಯೊಬ್ಬರ ಮನೆಯ ಒಂದು ನಂಬರ್, ರಕ್ತದ ಗುಂಪು, ಯಾವುದಾದರೂ ಅಲರ್ಜಿ ಇದ್ದರೆ ಅದು, ಲಿಸ್ಟ್ ಕೊಡುವಾಗಲೇ ಬರೆಸಿಕೊಳ್ಳಿ. ಇದು ಮಾತ್ರ ಕ್ಯಾಪ್ಟನ್ ಹತ್ತಿರವೇ ಇರಲಿ, ಗ್ರೂಪಲ್ಲಿ ಹಾಕಬೇಡಿ. ಹತ್ತಿರದ ಆಸ್ಪತ್ರೆ ಯಾವುದು ಅಂತ ಮೊದಲೇ ನೋಡಿಡಿ. 108ಕ್ಕೆ ಫೋನ್ ಮಾಡೋದು ಯಾರು, ಗೇಟ್ ಹತ್ತಿರ ನಿಲ್ಲೋದು ಯಾರು ಅಂತ ಪ್ರತಿ ಭಾನುವಾರ ಇಬ್ಬರ ಹೆಸರು ಇರಲಿ. ಸ್ಪಾನ್ಸರ್ ಸಿಕ್ಕರೆ ಅವರ ಹೆಸರಿನ ಪಕ್ಕ ಕ್ಲಬ್‌ಗಳ ಲೋಗೋ ಹಾಕಿ ಪೋಸ್ಟರ್ ಮಾಡಬೇಡಿ, ಅವೆಲ್ಲ ರಿಜಿಸ್ಟರ್ಡ್ ಟ್ರೇಡ್‌ಮಾರ್ಕ್. ನಿಮ್ಮ ಗ್ರೂಪಿನದೇ ಲೋಗೋ ಬರೆಸಿಕೊಳ್ಳಿ.

ವಿಸಿಲ್ ಹಿಡಿದವನು

ಇನ್ನೊಂದು ಸೇರಿಸುತ್ತೇನೆ. ರೂಲ್ಸ್ ಮೇಲೆ ತಾರೀಕು ಹಾಕಿ. ಸೀಸನ್ ಮಧ್ಯೆ ಬದಲಾಯಿಸಬೇಕಾದರೆ ಎಂಟೂ ಕ್ಯಾಪ್ಟನ್‌ಗಳು ಒಪ್ಪಬೇಕು, ಏಳು ಜನ ಸಾಲದು. ರೂಲ್ಸ್ ರೆಡಿ ಆದ ಮೇಲೆ ರೆಫ್ರಿಗೂ ಒಂದು ಕಾಪಿ ಕಳಿಸಿ, ಮ್ಯಾಚಿನ ಬೆಳಗ್ಗೆ ಅಲ್ಲ, ವಾರ ಮೊದಲು.

ಆಸ್ಟಿನ್‌ಟೌನ್ ಕೀಪರ್

ಸರಿ ಸರ್. ನಾಳೆ ರಾತ್ರಿ ಕೂತು ಬರೆದು ಮುಗಿಸುತ್ತೇವೆ. ಮೂವರ ವಿನಾಯಿತಿ ಮಾತನ್ನು ಆ ಹೊಸ ಗ್ರೂಪಿನ ಕ್ಯಾಪ್ಟನ್‌ಗೆ ಈಗಷ್ಟೇ ಹೇಳಿದೆ, ಒಪ್ಪಿಕೊಂಡರು. ನಗದು ಬಹುಮಾನ ತೆಗೆದುಹಾಕೋಕೆ ಇನ್ನಿಬ್ಬರನ್ನು ಒಪ್ಪಿಸಬೇಕು. ಹುಡುಗಿಯರ ಫೈವ್ಸ್‌ಗೆ ಆಗಲೇ ಮೂರು ಗ್ರೂಪಿನಿಂದ ಹೆಸರು ಬಂದಿವೆ, ಬೇರೆ ಗ್ರೂಪಿನವರು ಯಾರಾದರೂ ಇಲ್ಲಿ ಓದುತ್ತಿದ್ದರೆ ನನಗೆ ಮೆಸೇಜ್ ಮಾಡಿ.